ಕಾಡಿಗೆ ಬಿಟ್ಟ ಕುದುರೆ

ಬಿಡದಿಯಿಂದ ನಮ್ಮ ವಾಚಕರೊಬ್ಬರು ಒಂದು ಪ್ರಶ್ನೆಯನ್ನು ಬರೆದು ಕಳುಹಿಸಿದ್ದಾರೆ. ಅವರ ಮನೆಯಲ್ಲಿ ಎರಡು ಕುದುರೆಗಳಿವೆ. ಒಂದು ಇಪ್ಪತ್ತೆರಡು ವರ್ಷದ ಹೆಣ್ಣು. ಮೊದಲು ಜಟಕಾ ಎಳೆದು, ಆಮೇಲೆ ಮದುವೆಯ ಮೆರವಣಿಗೆಗಳಲ್ಲಿ ವರನನ್ನು ಹೊತ್ತು, ಈಗ ಮುಂಗಾಲಿನ ಬಾವಿನಿಂದ ಕುಂಟುತ್ತಿರುವುದು. ಇನ್ನೊಂದು ಅದರ ಮಗ, ಆರು ವರ್ಷದ ಗಂಡು. ತಂದೆಯವರು ತೀರಿಕೊಂಡ ಮೇಲೆ ಇವುಗಳ ಭಾರವೆಲ್ಲ ಕಾಗದ ಬರೆದವರ ಮೇಲೆ ಬಿದ್ದಿದೆ. ಮಾರೋಣವೆಂದರೆ ಯಾರ ಕೈಗೆ ಸಿಕ್ಕಿ ಏನು ಪಾಡು ಪಡುವುವೋ ಎಂಬ ಸಂಕಟ. ಇಟ್ಟುಕೊಳ್ಳೋಣವೆಂದರೆ ಹುಲ್ಲು ಹುರುಳಿಗಳ ಖರ್ಚು. ಮನೆಯ ಹುಡುಗರು ಒಂದು ಉಪಾಯವನ್ನು ಹೇಳಿದ್ದಾರೆ. ಸಾವನದುರ್ಗದ ಕಡೆಗೋ ರಾಮದೇವರ ಬೆಟ್ಟದ ತಪ್ಪಲಿಗೋ ಹೊಡೆದುಕೊಂಡು ಹೋಗಿ ಬಿಟ್ಟುಬಿಡೋಣ, ಕಾಡಿನ ಹುಲ್ಲು ತಿಂದು ಸ್ವತಂತ್ರವಾಗಿ ಬಾಳಿಕೊಳ್ಳಲಿ ಎಂದು. ತಮಿಳುನಾಡಿನ ಕೋಡಿಯಕ್ಕರೈ ಅಭಯಾರಣ್ಯದಲ್ಲಿಯೂ ಅಮೆರಿಕದ ಬಯಲುಗಳಲ್ಲಿಯೂ ಕುದುರೆಗಳು ಹಾಗೆಯೇ ಬಾಳುತ್ತಿರುವುವೆಂದು ಅವರು ಕೇಳಿದ್ದಾರಂತೆ. ಇದು ಧರ್ಮವೆ, ಅಧರ್ಮವೆ, ತಿಳಿಸಬೇಕೆಂದು ಪ್ರಶ್ನೆ.

ಹುಡುಗರ ಮನಸ್ಸಿನಲ್ಲಿ ಈ ಚಿತ್ರವು ಎಲ್ಲಿಂದ ಮೂಡಿತೆಂಬುದನ್ನು ಊಹಿಸುವುದು ಕಷ್ಟವಲ್ಲ. ೧೯೭೫ರಲ್ಲಿ ತೆರೆಕಂಡ 'ಶೋಲೆ' ಚಿತ್ರವನ್ನು ತೆಗೆದದ್ದು ಇದೇ ರಾಮನಗರದ ಬಂಡೆಗಳ ನಡುವೆ. ಅದನ್ನು ನೋಡಿದವರಿಗೆ ಆ ಬಂಡೆಗಳೂ ಓಡುವ ಕುದುರೆಗಳೂ ಒಂದಕ್ಕೊಂದು ಹುಟ್ಟಿನಿಂದಲೇ ಸೇರಿದವೆಂದು ತೋರಿದರೆ ಆಶ್ಚರ್ಯವಿಲ್ಲ. ಆದರೆ ಆ ಕುದುರೆಗಳಿಗೆ ಸಂಜೆಯಾದೊಡನೆ ಯಾರೋ ಮೇವು ಹಾಕಿಯೇ ಹಾಕಿದ್ದರು.

ಕುದುರೆಯು ನಮ್ಮ ಸೀಮೆಯ ಕಾಡಿನ ಪ್ರಾಣಿಯೇ ಅಲ್ಲ. ಆನೆಯನ್ನು ಕಾಡಿನಿಂದ ಹಿಡಿದು ತಂದೆವು. ಕುದುರೆಯನ್ನು ಮಾತ್ರ ಹಣ ಕೊಟ್ಟು ಹಡಗಿನಲ್ಲಿ ತರಿಸಿಕೊಂಡೆವು. ವಿಜಯನಗರದ ಅರಸರು ಅರಬ್ಬೀ ಮತ್ತು ಪಾರಸೀಕ ಕುದುರೆಗಳಿಗಾಗಿ ಸುರಿದ ಹೊನ್ನಿಗೆ ಲೆಕ್ಕವಿಲ್ಲ. ಪೋರ್ಚುಗೀಸ್ ವರ್ತಕ ನೂನಿಜನು ಬರೆದಿಟ್ಟಿರುವಂತೆ, ಸಾಳುವ ನರಸಿಂಹನು ಸತ್ತ ಕುದುರೆಗೂ ಬೆಲೆ ಕೊಡುತ್ತಿದ್ದನಂತೆ. ಸಮುದ್ರದ ನಡುವೆ ಸತ್ತುದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತಂತೆ. ಕುದುರೆಗಾಗಿ ಎಷ್ಟು ಹಾತೊರೆದಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬಿಡದಿಯಿಂದ ಮಾಗಡಿಯ ದಾರಿ ಹಿಡಿದು ಮುಂದೆ ನಡೆದರೆ ಸಿಕ್ಕುವ ಕುಣಿಗಲಿನಲ್ಲಿ ಟಿಪ್ಪುವಿನ ಕಾಲದಿಂದ ಹೆಸರಾದ ಕುದುರೆ ಫಾರಮು ಉಂಟಷ್ಟೆ. ಮೈಸೂರಿನ ಸಿಲ್ಲೇದಾರ ಸವಾರರಿಗೆ ಅಲ್ಲಿ ಕುದುರೆಗಳನ್ನು ಬೆಳೆಸುತ್ತಿದ್ದರು. ಅಲ್ಲಿಯೂ ಅವು ಬೆಳೆದದ್ದು ಬೇಲಿಯೊಳಗೆ, ಮನುಷ್ಯನ ಆರೈಕೆಯಲ್ಲಿ. ಇಂಡಿಯಾದಲ್ಲಿ ಹುಟ್ಟಾ ಕಾಡುಪ್ರಾಣಿಗಳಾದ ಕುದುರೆಯ ಬಂಧುಗಳು ಎರಡೇ: ಕಚ್ಛದ ಚಿಕ್ಕ ರಣದ ಕಾಡುಕತ್ತೆ, ಮತ್ತು ಲಡಾಖ್ ಹಾಗೂ ಸಿಕ್ಕಿಮ್ ಕಡೆಯ ಎತ್ತರದ ಬಯಲುಗಳ ಕಿಯಾಂಗ್. ಉಳಿದೆಡೆ ಕಾಣುವ 'ಕಾಡುಕುದುರೆ'ಗಳೆಲ್ಲ ಮನೆಯಿಂದ ಹೊರಬಿದ್ದವುಗಳ ಸಂತತಿ.

ಈಗ ವಾಚಕರು ಹೆಸರೆತ್ತಿರುವ ಕೋಡಿಯಕ್ಕರೈಯ ವಿಷಯ. ನಾಗಪಟ್ಟಣದಿಂದ ತೆಂಕಲಾಗಿ, ವೇದಾರಣ್ಯದ ಆಚೆ, ಚೋಳಮಂಡಲದ ಕರಾವಳಿಯು ತಟ್ಟನೆ ಪಶ್ಚಿಮಕ್ಕೆ ತಿರುಗುವ ಮೂಲೆಯಲ್ಲಿ ಈ ಸ್ಥಳವಿರುವುದು. ಇಂಗ್ಲಿಷರು ಇದನ್ನು ಪಾಯಿಂಟ್ ಕ್ಯಾಲಿಮೇರ್ ಎಂದರು. ಒಂದು ಕಡೆ ಕುಳ್ಳಾದ ಒಣ ನಿತ್ಯಹಸುರು ಕಾಡು, ಒಂದು ಕಡೆ ಉಪ್ಪು ನೀರಿನ ಜೌಗು, ನಡುವೆ ಹುಲ್ಲಿನ ಬಯಲು. ಈ ಬಯಲಿನಲ್ಲಿ ಕೃಷ್ಣಮೃಗಗಳಿವೆ. ಅವುಗಳ ರಕ್ಷಣೆಗಾಗಿಯೇ ೧೯೬೭ರಲ್ಲಿ ಇದನ್ನು ಅಭಯಾರಣ್ಯವೆಂದು ಸಾರಿದರು. ಸುತ್ತಲಿನ ಜನ ಬಹುಕಾಲದ ಹಿಂದೆ ಬಿಟ್ಟ ತಟ್ಟುಗಳ ಸಂತತಿಯೂ ಅಲ್ಲಿಯೇ ಗುಂಪುಗುಂಪಾಗಿ ಓಡಾಡುತ್ತಿದೆ. ಬೆಳಗಿನ ಹೊತ್ತು ಮಂಜಿನೊಳಗಿಂದ ಹತ್ತಾರು ಕುದುರೆಗಳು ಸಾಲಾಗಿ ಬರುವುದನ್ನು ಕಂಡವರು ಮನಸೋಲುವರು. ಅಭಯಾರಣ್ಯದ ಕಷ್ಟವಿರುವುದೂ ಇಲ್ಲಿಯೇ. ನೋಟಕ್ಕೆ ಇಷ್ಟು ಚೆಂದವಾದುದರಿಂದ ಕೇಡು ಹೇಗೆ ಬಂದೀತೆಂದು ಯಾರೂ ಕೇಳಿಕೊಳ್ಳುವುದಿಲ್ಲ.

ಕೇಡು ಬರುವ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಹಸು, ಜಿಂಕೆ, ಕೃಷ್ಣಮೃಗ ಇವುಗಳಿಗೆ ಮೇಲ್ದವಡೆಯಲ್ಲಿ ಮುಂಬಲ್ಲುಗಳಿಲ್ಲ. ಕುದುರೆಗೆ ಮೇಲೆ ಕೆಳಗೆ ಎರಡು ಕಡೆಯೂ ಇವೆ. ಆದುದರಿಂದ ಅದು ಹುಲ್ಲನ್ನು ಕತ್ತರಿಯಿಂದ ಕತ್ತರಿಸಿದಂತೆ ನೆಲಕ್ಕೆ ಸಮನಾಗಿ ಕತ್ತರಿಸಬಲ್ಲುದು. ಮೆಲುಕು ಹಾಕುವ ಪ್ರಾಣಿಯಲ್ಲವಾದುದರಿಂದ ತಿಂದುದರ ಸಾರವನ್ನು ಪೂರ್ತಿಯಾಗಿ ಹೀರಿಕೊಳ್ಳಲಾರದು. ಅದಕ್ಕೋಸ್ಕರ ಹಗಲೂ ರಾತ್ರಿಯೂ ಮೇಯುತ್ತಲೇ ಇರಬೇಕು. ಮೈಯಲ್ಲಿ ಎಷ್ಟೋ ಪಾಲು ದೊಡ್ಡದು, ಹೊಟ್ಟೆಯೂ ಹಾಗೆಯೇ. ಹಸಿವಿನಲ್ಲಿ ಅದರ ಜೊತೆ ಸ್ಪರ್ಧಿಸಲು ಕೃಷ್ಣಮೃಗದಿಂದ ಸಾಧ್ಯವೆ? ಕುದುರೆಗಳು ನೆರೆದ ಕಡೆ ಕೃಷ್ಣಮೃಗಗಳು ನಿಲ್ಲದೆ ಬೇರೆ ಕಡೆಗೆ ಸರಿಯುವುದನ್ನು ಅಲ್ಲಿ ಸಂಶೋಧನೆ ನಡೆಸಿದವರು ಗಮನಿಸಿದ್ದಾರೆ. ಕುದುರೆ ಅವನ್ನು ಅಟ್ಟುವುದೂ ಬೇಡ, ಒದೆಯುವುದೂ ಬೇಡ.

ಇದರ ಮೇಲೆ ಇನ್ನೊಂದು ಕೇಡು ಸೇರಿದೆ. ನಮ್ಮ ಓದುಗರಿಗೆಲ್ಲ ಅದರ ಪರಿಚಯವುಂಟು. ಬಳ್ಳಾರಿ ಜಾಲಿ! ಅಮೆರಿಕದ ಕಡೆಯಿಂದ ಸೌದೆಗೆಂದು ತಂದ ಈ ಮುಳ್ಳುಗಿಡ ಕೋಡಿಯಕ್ಕರೈಯ ಬಯಲನ್ನೂ ಹೊಕ್ಕಿತು. ಅದರ ಕಾಯಿ ಸಿಹಿ. ಬೇಸಗೆಯಲ್ಲಿ ಹುಲ್ಲು ಒಣಗಿದಾಗ ಕುದುರೆಗಳು ಈ ಕಾಯಿಯನ್ನು ಹೊಟ್ಟೆ ತುಂಬ ತಿನ್ನುವುವು. ಗಟ್ಟಿ ಬೀಜವು ಅರೆಯದೆ ಲದ್ದಿಯಲ್ಲಿ ಹೊರಬೀಳುವುದು. ಲದ್ದಿಯೇ ಗೊಬ್ಬರವಾಗಿ, ಮಳೆ ಬಿದ್ದೊಡನೆ ಮೊಳೆಯುವುದು. ಹೀಗೆ ಕುದುರೆ ಒಂದು ಕಡೆ ಹುಲ್ಲನ್ನು ಮೇಯ್ದು ತೆಳುವಾಗಿಸುತ್ತ, ಇನ್ನೊಂದು ಕಡೆ ಅದೇ ಬಯಲಿನಲ್ಲಿ ಮುಳ್ಳನ್ನು ಬಿತ್ತುತ್ತ ನಡೆಯುತ್ತದೆ. ಕೃಷ್ಣಮೃಗಕ್ಕೆ ದೂರದವರೆಗೆ ಕಣ್ಣು ಹಾಯುವ ಬಯಲೇ ಕೋಟೆ. ಜಾಲಿಯ ಮೆಳೆ ಬೆಳೆದಲ್ಲಿ ಅದು ಬಾಳಲಾರದು. ಈ ಕುದುರೆಗಳನ್ನು ಬೇರೆಡೆಗೆ ಸಾಗಿಸುವುದು ಒಳ್ಳೆಯದೆಂದು ತಜ್ಞರು ಸೂಚಿಸಿದ್ದುಂಟು. ಸಾಗಿಸುವುದೆಂದರೆ ಎಲ್ಲಿಗೆ? ಬಿಟ್ಟವರು ಯಾರೂ ಈಗ ಮುಂದೆ ಬಂದು ಇದು ನನ್ನದೆನ್ನುವುದಿಲ್ಲವಷ್ಟೆ.

ಅಸ್ಸಾಮಿನಲ್ಲಿ ಬ್ರಹ್ಮಪುತ್ರೆಯ ದಡದ ದಿಬ್ರು-ಸೈಖೋವಾ ಎಂಬ ಕಾಡಿನಲ್ಲಿಯೂ ಇಂತಹ ಕುದುರೆಗಳಿವೆ. ಎರಡನೆಯ ಮಹಾಯುದ್ಧದಲ್ಲಿ ಸೈನ್ಯದವರು ಬಿಟ್ಟುಹೋದವುಗಳ ವಂಶವೆಂದು ಅಲ್ಲಿನವರು ಹೇಳುವರು. ಆ ಕಾಡು ೧೯೯೯ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಅಲ್ಲಿ ವರ್ಷವರ್ಷವೂ ನದಿ ಉಕ್ಕಿ ನೆಲವನ್ನೆಲ್ಲ ಮುಚ್ಚುವುದು. ಹೊಳೆಯ ನಡುವಿನ ದಿಬ್ಬಗಳಲ್ಲಿ ಬದುಕುವ ಈ ಕುದುರೆಗಳ ಪಾಡನ್ನು ಸ್ವಾತಂತ್ರ್ಯವೆನ್ನುವವರು ಒಂದು ಮಳೆಗಾಲದಲ್ಲಿ ಹೋಗಿ ನೋಡಬೇಕು.

ಒಂದೆರಡು ಕುದುರೆ ಬಿಟ್ಟರೆ ಇಷ್ಟೆಲ್ಲ ಆಗುವುದೇ ಎಂದು ಕೇಳಬಹುದು. ಕುದುರೆಯ ಗರ್ಭ ಹನ್ನೊಂದು ತಿಂಗಳು. ಒಂದು ಸಲಕ್ಕೆ ಒಂದೇ ಮರಿ. ಕೇಳಲಿಕ್ಕೆ ಅಲ್ಪವೇ. ಆದರೂ ಬೇಟೆಯಾಡುವ ಮೃಗಗಳು ಹೆಚ್ಚಾಗಿಲ್ಲದ ಅಮೆರಿಕದ ಬಯಲುಗಳಲ್ಲಿ ಹಿಂಡುಗಳು ವರ್ಷಕ್ಕೆ ನೂರಕ್ಕೆ ಹದಿನೈದು ಇಪ್ಪತ್ತರಂತೆ ಬೆಳೆದು, ನಾಲ್ಕೈದು ವರ್ಷಗಳಲ್ಲಿ ಇಮ್ಮಡಿಯಾಗುವುದನ್ನು ಲೆಕ್ಕ ಹಾಕಿದ್ದಾರೆ. ಆ ದೇಶದಲ್ಲಿ ೧೯೭೧ರಲ್ಲಿ ಕಾಡುಕುದುರೆ ಮತ್ತು ಕತ್ತೆಗಳ ರಕ್ಷಣೆಗೆ ಒಂದು ಶಾಸನವನ್ನು ಮಾಡಿದರು. ಆ ನೆಲ ಸುಮಾರು ೨೭ ಸಾವಿರ ಪ್ರಾಣಿಗಳನ್ನು ತಾಳಬಲ್ಲುದೆಂದು ಸರ್ಕಾರದ ಅಂದಾಜು. ೨೦೨೦ರಲ್ಲಿ ಅಲ್ಲಿದ್ದುದು ೯೫ ಸಾವಿರದಷ್ಟು. ಹೆಚ್ಚಾದುವನ್ನು ಹೆಲಿಕಾಪ್ಟರಿನಿಂದ ಬೆದರಿಸಿ ಒಟ್ಟುಗೂಡಿಸಿ, ದೊಡ್ಡಿಗಳಲ್ಲಿಟ್ಟು, ಸಾಕುವವರಿಗೆ ಕೊಡುವರು. ಸಾಕುವವರು ಸಿಕ್ಕದವು ಜೀವಮಾನವೆಲ್ಲ ಸರ್ಕಾರದ ಹುಲ್ಲು ತಿಂದು ದೊಡ್ಡಿಯಲ್ಲಿಯೇ ಮುದಿಯಾಗುವುವು. ಆಸ್ಟ್ರೇಲಿಯದ ಕೊಸಿಯಸ್ಕೊ ಉದ್ಯಾನದಲ್ಲಿ ಮಾತು ಇನ್ನೂ ಕಠಿನವಾಯಿತು. ಆ ಕುದುರೆಗಳು ನಮ್ಮ ಪರಂಪರೆಯೆಂದು ೨೦೧೮ರಲ್ಲಿ ಕಾನೂನು ಮಾಡಿದ ಪ್ರಾಂತವೇ, ಬೆಟ್ಟದ ಜೌಗುನೆಲಗಳು ಗೊರಸಿನಡಿ ಕೆಸರಾಗಿ ಹೋಗುವುದನ್ನು ಕಂಡು, ೨೦೨೩ರಲ್ಲಿ ಹೆಲಿಕಾಪ್ಟರಿನಿಂದ ಗುಂಡು ಹೊಡೆಯಲು ಅನುಮತಿ ಕೊಟ್ಟಿತು. ಮೊದಲು ಬಿಟ್ಟವರದೂ ಕರುಣೆಯೇ ಇದ್ದಿರಬಹುದು. ಅದರ ಲೆಕ್ಕ ತೀರಿದ್ದು ಹೀಗೆ.

ಇದಕ್ಕಿಂತ ಸೌಮ್ಯವಾದ ಮಾರ್ಗವೊಂದುಂಟು. ಅಮೆರಿಕದ ಪೂರ್ವತೀರದ ಅಸಟೀಗ್ ಎಂಬ ದ್ವೀಪದಲ್ಲಿ ೧೯೯೪ರಿಂದ ಹೆಣ್ಣು ಕುದುರೆಗಳಿಗೆ ಗರ್ಭ ನಿಲ್ಲದಂತೆ ಮಾಡುವ ಲಸಿಕೆಯನ್ನು ದೂರದಿಂದ ಸೂಜಿಬಾಣದಲ್ಲಿ ಹೊಡೆದು ಕೊಡುತ್ತ ಬಂದರು. ಹಂದಿಯ ಅಂಡದ ಹೊರಪದರದಿಂದ ಮಾಡಿದ ಲಸಿಕೆಯದು. ಹಿಂಡು ಕಡಮೆಯಾಯಿತು, ಆದರೆ ನಿರೀಕ್ಷಿಸಿದುದಕ್ಕಿಂತ ಮೆಲ್ಲನೆ. ಕಾರಣವನ್ನು ಕೇಳಿದರೆ ಗೃಹಿಣಿಯರು ನಗದೆ ಇರಲಾರರು: ಬಸಿರು ಬಾಣಂತನಗಳ ಬವಣೆ ತಪ್ಪಿದ ಹೆಣ್ಣು ಕುದುರೆಗಳು ಮೈ ತುಂಬಿಕೊಂಡು ಮೊದಲಿಗಿಂತ ಎಷ್ಟೋ ವರ್ಷ ಹೆಚ್ಚು ಬದುಕಿದುವು! ಈ ಉಪಾಯ ನಡೆಯುವುದು ಒಂದೊಂದು ಕುದುರೆಯನ್ನೂ ಗುರುತು ಹಿಡಿದು ಲೆಕ್ಕವಿಡುವ ಕಡೆ ಮಾತ್ರ.

ಮೇಯುವ ಬಾಯಿಗಳನ್ನೂ ಇರುವ ಹುಲ್ಲನ್ನೂ ತೂಗಿ ನೋಡುವ ವಿದ್ಯೆ ನಮ್ಮವರಿಗೆ ಹೊಸತೇನಲ್ಲ. ಮೈಸೂರು ಅರಸರ ದನಗಳ ಇಲಾಖೆ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಬೆಣ್ಣೆ ಚಾವಡಿಯಾಗಿದ್ದು, ಟಿಪ್ಪುವಿನಿಂದ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅದಕ್ಕೆ ಬಿಟ್ಟ ಕಾವಲುಗಳಲ್ಲಿ ಬೇಸಗೆಯ ಕಾವಲು ಬೇರೆ, ಮಳೆಗಾಲದ ಕಾವಲು ಬೇರೆ, ಚಳಿಗಾಲದ್ದು ಬೇರೆ. ಹಿಂಡನ್ನು ಹೊತ್ತಿಗೆ ತಕ್ಕಂತೆ ಒಂದರಿಂದ ಒಂದಕ್ಕೆ ಹೊಡೆಯುವರು. ಬಿಟ್ಟ ಕಾವಲಿನಲ್ಲಿ ಹುಲ್ಲು ಮತ್ತೆ ಚಿಗುರುವುದು. ಹೀಗೆ ಉಳಿದ ಕಾವಲುಗಳಲ್ಲಿ ಹುಲ್ಲಿನ ಜೊತೆಗೆ ಕೃಷ್ಣಮೃಗವೂ ಉಳಿಯಿತು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕಾವಲನ್ನು ೨೦೦೭ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲೆಂದು ಸಾರಿರುವುದನ್ನು ಅನೇಕರು ಬಲ್ಲರು. ಆ ಹಳೆಯ ಕಾವಲುಗಾರರು ಒಡೆಯನಿಲ್ಲದ ಪಶುವನ್ನು ಕಾವಲಿನೊಳಕ್ಕೆ ಬಿಟ್ಟುಕೊಳ್ಳುತ್ತಿದ್ದರೆಂದು ನಮಗೆ ತೋರುವುದಿಲ್ಲ.

ಕೃಷ್ಣಮೃಗದ ಬಯಲು ಬಿಡದಿಯ ಬಳಿ ಇಲ್ಲ, ನಿಜ. ಇಲ್ಲಿರುವ ಬೆಟ್ಟಗುಡ್ಡಗಳ ಕಾಡಿಗೆ ಬೇರೆಯ ಸಂಕಟಗಳಿವೆ. ಬನ್ನೇರುಘಟ್ಟದ ಕಡೆಯಿಂದ ಆನೆಗಳು ಮೇವು ಅರಸಿ ಕನಕಪುರ ರಾಮನಗರಗಳ ಹೊಲಗಳವರೆಗೂ ಬರುವುದನ್ನು ವಾಚಕರು ಕಂಡವರೇ. ಚಿರತೆಯಂತೂ ಬಂಡೆಬಂಡೆಗೆ ಉಂಟು. ಕುಂಟುವ ಮುದಿ ಕುದುರೆ ಅದರ ಬಾಯಿಗೆ ಬೀಳಲು ಎಷ್ಟು ದಿನ ಬೇಕು? ಹುಟ್ಟಿದಂದಿನಿಂದ ಕೈಯಿಂದ ತಿಂದ ಪ್ರಾಣಿಗೆ ನೀರು ಎಲ್ಲಿದೆಯೆಂದು ಕೂಡ ತಿಳಿಯದು. ಬಹುಶಃ ಮೂರನೆಯ ದಿನವೇ ಅದು ರಸ್ತೆಯ ಬದಿಗೆ ಬಂದು ನಿಂತು, ಮೈಸೂರು ದಾರಿಯ ಮೋಟಾರುಗಳ ನಡುವೆ ಮನೆಯನ್ನು ಹುಡುಕುವುದು.

ರಾಮದೇವರ ಬೆಟ್ಟದ ಮಾತನ್ನು ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಬಿಡುವುದರಿಂದ ಆಗುವ ಹಾನಿ ಸುಲಭವಾಗಿ ಹೊಳೆಯತಕ್ಕುದಲ್ಲ. ೨೦೧೨ರಲ್ಲಿ ಆ ಬೆಟ್ಟದ ಸುತ್ತಲಿನ ೩೪೬ ಹೆಕ್ಟೇರು ನೆಲವನ್ನು ರಣಹದ್ದುಗಳ ಅಭಯಧಾಮವನ್ನಾಗಿ ಮಾಡಿದರು. ಬಂಡೆಯ ಬಿರುಕುಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳು ಅಲ್ಲಿ ಉಳಿದಿರುವುದು ಬಹಳ ಕೆಲವೇ. ಒಂದು ಕಾಲಕ್ಕೆ ದೇಶದ ಆಕಾಶವನ್ನು ತುಂಬಿದ್ದ ಈ ಹಕ್ಕಿಗಳು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದುದು ಬೇಟೆಯಿಂದಲ್ಲ, ಔಷಧದಿಂದ. ದನಗಳ ಬಾವು ನೋವುಗಳಿಗೆ ಕೊಡುತ್ತಿದ್ದ ಡೈಕ್ಲೊಫಿನಾಕ್ ಎಂಬ ಮದ್ದು, ಸತ್ತ ಪಶುವಿನ ಮಾಂಸದ ಮೂಲಕ ಹದ್ದಿನ ಹೊಟ್ಟೆ ಸೇರಿ ಅದರ ಮೂತ್ರಪಿಂಡಗಳನ್ನು ಕೆಡಿಸುತ್ತಿತ್ತು. ೨೦೦೬ರಲ್ಲಿ ಸರ್ಕಾರವು ಪಶುಗಳಿಗೆ ಆ ಮದ್ದನ್ನು ಕೊಡಬಾರದೆಂದು ನಿಷೇಧಿಸಿತು. ೨೦೨೩ರಲ್ಲಿ ಕೀಟೊಪ್ರೊಫೆನ್, ಅಸಿಕ್ಲೊಫಿನಾಕ್ ಎಂಬ ಇನ್ನೆರಡನ್ನೂ ನಿಷೇಧಿಸಿತು. ಈಗ ನೋಡಿ: ಮುಂಗಾಲು ಬಾತ ಕುದುರೆ, ಎಂದರೆ ಇಂತಹ ನೋವಿನ ಮದ್ದುಗಳನ್ನೇ ಹೆಚ್ಚಾಗಿ ಪಡೆಯುವ ಕುದುರೆ. ಯಾರೋ ಅರಿಯದೆ ಕೊಟ್ಟ ಸೂಜಿಮದ್ದು ಮೈಯಲ್ಲಿರುವಾಗ ಅದು ಆ ಬೆಟ್ಟದಡಿಯಲ್ಲಿ ಸತ್ತರೆ, ಉಳಿದ ಕೆಲವು ಹಕ್ಕಿಗಳಿಗೆ ಅದೊಂದೇ ಊಟ ಸಾಕು.

ರೋಗಗಳ ವಿಷಯವೂ ಉಂಟು. ಕಚ್ಛದ ಕಾಡುಕತ್ತೆಗಳು ೧೯೬೦ರ ಆಸುಪಾಸಿನಲ್ಲಿ ಸರ್ರಾ ರೋಗದಿಂದಲೂ ಆಫ್ರಿಕದ ಕುದುರೆ ಬೇನೆಯಿಂದಲೂ ಗುಂಪುಗುಂಪಾಗಿ ಸತ್ತು, ೧೯೬೯ರ ಎಣಿಕೆಯಲ್ಲಿ ಸಿಕ್ಕಿದುವು ೩೬೨ ಮಾತ್ರ. ೧೯೭೩ರಲ್ಲಿ ಅಭಯಾರಣ್ಯವಾಗಿ, ಮೆಲ್ಲಮೆಲ್ಲನೆ ಚೇತರಿಸಿ, ೨೦೨೪ರಲ್ಲಿ ೭,೬೭೨ ಆದುವು. ಅಭಯಾರಣ್ಯದಿಂದ ಐದು ಕಿಲೋಮೀಟರ್ ಒಳಗಿನ ಸಾಕು ಪ್ರಾಣಿಗಳಿಗೆ ಅಂಟುರೋಗದ ಲಸಿಕೆ ಹಾಕಿಸಬೇಕೆಂದು ವನ್ಯಜೀವಿ ಕಾಯಿದೆಯಲ್ಲಿ ವಿಧಿಸಿರುವುದು ಇಂತಹ ಭಯದಿಂದಲೇ.

ಕಾಯಿದೆಯ ಮಾತು ಬಂದುದರಿಂದ ಅದನ್ನೂ ತಿಳಿಸುವೆವು. ೧೯೭೨ರ ಆ ಕಾಯಿದೆಯ ಪ್ರಕಾರ ಕುದುರೆ ಸಾಕು ಪಶುಗಳ ಪಟ್ಟಿಗೆ ಸೇರಿದ್ದು. ಕಾಡಿಗೆ ಬಿಟ್ಟ ಮಾತ್ರಕ್ಕೆ ವನ್ಯಮೃಗವಾಗಿ ರಕ್ಷಣೆ ಪಡೆಯುವುದಿಲ್ಲ. ರಾಷ್ಟ್ರೀಯ ಉದ್ಯಾನದೊಳಕ್ಕಂತೂ ಸಾಕು ಪಶುವಿಗೆ ಪ್ರವೇಶವೇ ಇಲ್ಲ. ಅಪ್ಪಣೆ ಪಡೆದವನೊಬ್ಬನು ಅದನ್ನು ವಾಹನವಾಗಿ ಬಳಸಿದರೆ ಮಾತ್ರ ಹೋಗಬಹುದು. ಅಂದರೆ ಬೆನ್ನ ಮೇಲೆ ಸವಾರನಿದ್ದರೆ ಕುದುರೆಗೆ ಬನ್ನೇರುಘಟ್ಟದ ಬಾಗಿಲು ತೆರೆದೀತು, ಬರಿಯ ಬೆನ್ನಿನಲ್ಲಿ ತೆರೆಯದು. ಇದಲ್ಲದೆ, ಹಸಿವು ಬಾಯಾರಿಕೆಗಳಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ೧೯೬೦ರ ಪ್ರಾಣಿಹಿಂಸಾ ನಿವಾರಣೆಯ ಕಾಯಿದೆಯಂತೆ ಅಪರಾಧ.

ಹಾಗಾದರೆ ಮಾಡತಕ್ಕುದೇನು? ಇಲ್ಲಿ ಒಂದು ಹಳೆಯ ಸಂಗತಿಯನ್ನು ನೆನೆಯುವೆವು. ೧೯೧೮ರ ಸೆಪ್ಟೆಂಬರ್ ೨೩ರಂದು ನಮ್ಮ ಮೈಸೂರು ಲ್ಯಾನ್ಸರ್ಸ್ ಸವಾರರು ಜೋಧಪುರದವರೊಡನೆ ಹೈಫಾ ಪಟ್ಟಣವನ್ನು ಗೆದ್ದರಷ್ಟೆ. ಆ ಕಡೆಯ ಯುದ್ಧರಂಗದಲ್ಲಿ ದುಡಿದ ಬ್ರಿಟಿಷ್ ಸೈನ್ಯದ ಸಾವಿರಾರು ಕುದುರೆಗಳನ್ನು, ಯುದ್ಧ ಮುಗಿದ ಮೇಲೆ, ಊರಿಗೆ ಕರೆದೊಯ್ಯದೆ ಈಜಿಪ್ಟಿನಲ್ಲಿಯೇ ಮಾರಿಬಿಟ್ಟರು. ಹತ್ತು ಹನ್ನೆರಡು ವರ್ಷಗಳ ಮೇಲೆ ಡೊರೊತಿ ಬ್ರೂಕ್ ಎಂಬ ಮಹಿಳೆ ಕೈರೋ ನಗರಕ್ಕೆ ಹೋದಾಗ, ಅವುಗಳಲ್ಲಿ ಉಳಿದವು ಎಲುಬಿನ ಗೂಡುಗಳಾಗಿ ಕಲ್ಲು ಎಳೆಯುತ್ತಿದ್ದುವು. ಆಕೆ ಪತ್ರಿಕೆಯಲ್ಲಿ ಮೊರೆಯಿಟ್ಟು ಹಣ ಕೂಡಿಸಿ ಸುಮಾರು ಐದು ಸಾವಿರ ಕುದುರೆಗಳನ್ನು ಕೊಂಡಳು; ೧೯೩೪ರಲ್ಲಿ ಅಲ್ಲಿ ಒಂದು ಪ್ರಾಣಿಗಳ ಆಸ್ಪತ್ರೆಯನ್ನೂ ಸ್ಥಾಪಿಸಿದಳು. ಕೊಂಡವುಗಳಲ್ಲಿ ಹೆಚ್ಚಿನವು ವಾಸಿಯಾಗುವ ಸ್ಥಿತಿಯಲ್ಲಿರಲಿಲ್ಲ. ಅವಕ್ಕೆ ಕೆಲವು ದಿನ ಹೊಟ್ಟೆ ತುಂಬ ಮೇವು, ಮಲಗಲು ಮೆತ್ತನೆಯ ಹುಲ್ಲು ಕೊಟ್ಟು, ಆಮೇಲೆ ನೋವಿಲ್ಲದೆ ಪ್ರಾಣ ಹೋಗುವಂತೆ ಮಾಡಿಸಿದಳು. ಆಕೆ ಅವನ್ನು ಮರುಭೂಮಿಗೆ ಅಟ್ಟಿ ಸ್ವತಂತ್ರಗೊಳಿಸಲಿಲ್ಲ.

ಬಿಡದಿಯ ಮಹನೀಯರ ಹೆಣ್ಣು ಕುದುರೆಗೆ ಅಂತಹ ಸ್ಥಿತಿ ಬಂದಿರುವಂತೆ ಕಾಗದದಿಂದ ತೋರುವುದಿಲ್ಲ. ಬಿಡದಿ ಎಂದರೆ ಬಂದವರು ಇಳಿದುಕೊಳ್ಳುವ ಮನೆ ಎಂದಲ್ಲವೆ ಅರ್ಥ? ಮದುವೆಯ ವರನನ್ನು ಬಿಡದಿಯ ಮನೆಯಿಂದ ಹೊತ್ತು ತಂದ ಪ್ರಾಣಿಗೆ ಇನ್ನು ನಾಲ್ಕಾರು ವರ್ಷ ಇಳಿದುಕೊಳ್ಳಲು ಹಿತ್ತಿಲಿನಲ್ಲಿ ಒಂದು ಚಪ್ಪರ ಸಾಕು. ಮೊದಲು ಅದರ ಬಾಯಿಯನ್ನು ತೆರೆಸಿ ನೋಡಿಸಬೇಕು. ಮುದಿ ಕುದುರೆ ಬಡವಾಗುವುದು ಎಷ್ಟೋ ವೇಳೆ ದವಡೆ ಹಲ್ಲು ಏರುಪೇರಾಗಿ ಸವೆದು ಅಗಿಯಲಾರದುದರಿಂದ. ಹುಲ್ಲನ್ನು ಉಂಡೆ ಮಾಡಿ ಉಗುಳುತ್ತಿದ್ದರೆ ಅದೇ ಗುರುತು. ಪಶುವೈದ್ಯರು ಹಲ್ಲಿನ ಚೂಪನ್ನು ಅರದಿಂದ ಉಜ್ಜಿ ಸರಿಪಡಿಸುವರು. ಒಣಹುಲ್ಲನ್ನು ಚಿಕ್ಕದಾಗಿ ಕತ್ತರಿಸಿ ನೆನೆಹಾಕಿ ಕೊಡುವುದು. ಹುರುಳಿಯನ್ನು ನುಣ್ಣಗೆ ಬೇಯಿಸಿ, ಒದ್ದೆ ಮಾಡಿದ ಬೂಸಾದೊಡನೆ, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಇಡುವುದು. ದುಡಿಯದ ಕುದುರೆಗೆ ಲಾಳ ಬೇಕಿಲ್ಲ; ತೆಗೆಸಿ, ಒಂದೂವರೆ ಎರಡು ತಿಂಗಳಿಗೊಮ್ಮೆ ಗೊರಸನ್ನು ಕೆತ್ತಿಸಿದರೆ ಖರ್ಚೂ ಕಡಮೆ, ಕಾಲಿಗೂ ಹಿತ.

ಮಗ ಕುದುರೆಯದು ಬೇರೆಯ ಮಾತು. ಅದಕ್ಕೆ ಬೀಜ ತೆಗೆಸಿ, ಇನ್ನು ಸಂತತಿ ಬೆಳೆಯದಂತೆ ಮಾಡಿ, ದುಡಿಮೆಯುಳ್ಳ ಪರಿಚಿತರಿಗೆ, ತಿರುಗಿ ನೋಡಿಬರುವ ಷರತ್ತಿನ ಮೇಲೆ ಕೊಡಬಹುದು. ಆದರೆ ತಾಯಿಯನ್ನು ಒಂಟಿಯಾಗಿ ಉಳಿಸಬಾರದು. ಕುದುರೆ ಹಿಂಡಿನ ಪ್ರಾಣಿ, ಒಂಟಿತನದಲ್ಲಿ ಮೇವು ಬಿಡುವುದುಂಟು. ಒಂದು ಮೇಕೆಯಾದರೂ ಜೊತೆಗಿರಲಿ. ಮನೆಯಲ್ಲಿ ಸಾಧ್ಯವೇ ಆಗದಿದ್ದಲ್ಲಿ ಪ್ರಾಣಿಗಳ ಆಶ್ರಮಗಳುಂಟು. ಅಲ್ಲಿಗೆ ಕೊಡುವ ಮುನ್ನ ಸ್ವತಃ ಹೋಗಿ, ಅಲ್ಲಿನ ಕುದುರೆಗಳ ಗೊರಸನ್ನೂ ಪಕ್ಕೆಲುಬನ್ನೂ ಕಣ್ಣಾರೆ ನೋಡಿ ಬರತಕ್ಕುದು.

ನೋವಿನ ಮದ್ದು ಬೇಕಾದಾಗ ವೈದ್ಯರನ್ನು ಕೇಳಿ, ಹದ್ದುಗಳಿಗೆ ಕೇಡಾಗದ ಮೆಲೊಕ್ಸಿಕ್ಯಾಮ್ ಎಂಬುದನ್ನೇ ಹಾಕಿಸಬೇಕು. ನಿಂತು ಏಳಲಾರದ ಕಾಲ ಬಂದರೆ, ಸೂಜಿಮದ್ದಿನಿಂದ ನಿದ್ರೆಯಲ್ಲಿಯೇ ಮುಗಿಸುವಂತೆ ಅದೇ ವೈದ್ಯರಿಗೆ ಹೇಳತಕ್ಕುದು. ಆ ಮದ್ದು ಹದ್ದುಗಳಿಗೂ ನಾಯಿಗಳಿಗೂ ವಿಷವಾದುದರಿಂದ ಕಳೇಬರವನ್ನು ಬಯಲಿನಲ್ಲಿ ಎಸೆಯಬಾರದು. ಬಾವಿ ಕೆರೆಗಳಿಂದ ದೂರದಲ್ಲಿ, ಸ್ವಂತ ಹೊಲದಲ್ಲಿ, ಆಳವಾದ ಗುಂಡಿ ತೆಗೆಸಿ ಹೂಳಿಸಬೇಕು.